ಶುಗರ್ ಇದ್ದವರು ಹಣ್ಣು ತಿನ್ನುವುದು ಹೇಗೆ? ಅರ್ಧ ರೊಟ್ಟಿಯ ಲೆಕ್ಕ

"ನನಗೆ ಶುಗರ್ ಇದೆ, ಮಾವಿನಹಣ್ಣು ತಿನ್ನಬಹುದಾ?" ಏಪ್ರಿಲ್ ಬಂತೆಂದರೆ ಈ ಪ್ರಶ್ನೆ ಶುರು. ಜೂನ್‌ನಲ್ಲಿ ನೇರಳೆ, ದಸರಾ ಹೊತ್ತಿಗೆ ಸೀತಾಫಲ, ಶಿವರಾತ್ರಿಗೆ ದ್ರಾಕ್ಷಿ, ರಂಜಾನ್‌ಗೆ ಖರ್ಜೂರ. ಹಣ್ಣಿನ ಹೆಸರು ಬದಲಾಗುತ್ತದೆ, ಪ್ರಶ್ನೆ ಮಾತ್ರ ಅದೇ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳಿ ಸಾಕಾಗಿದೆ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ.

ತಿನ್ನಬಹುದು. ಆದರೆ "ಯಾವ ಹಣ್ಣು" ಅಂತ ಕೇಳುವುದನ್ನು ಬಿಟ್ಟು "ಎಷ್ಟು, ಯಾವುದರ ಬದಲಿಗೆ" ಅಂತ ಕೇಳಬೇಕು.

ಕಲಬುರಗಿ ಕಡೆಯ ನಮ್ಮ ತಾಟನ್ನೇ ನೋಡಿ. "ನಾನು ಹಣ್ಣು ಮುಟ್ಟಿ ನಾಲ್ಕು ವರ್ಷ ಆಯ್ತು" ಅನ್ನುವವರು ಒಂದೇ ಹೊತ್ತಿಗೆ ಮೂರು ಜೋಳದ ರೊಟ್ಟಿ ಉಂಡು, ಮೇಲೆ ಅನ್ನ ಬ್ಯಾಳಿಯನ್ನೂ ಉಣ್ಣುತ್ತಾರೆ. ಜೋಳ ಶುಗರಿಗೆ ಒಳ್ಳೆಯದು, ಎಷ್ಟು ತಿಂದರೂ ನಡೆಯುತ್ತದೆ ಅಂತ ನಂಬಿಕೆ. ಜೋಳ ಒಳ್ಳೆಯದೇ. ಆದರೆ 50–60 ಗ್ರಾಂ ಹಿಟ್ಟಿನ ಒಂದು ರೊಟ್ಟಿಯಲ್ಲಿ ಹತ್ತಿರ ಹತ್ತಿರ 35–40 ಗ್ರಾಂ ಕಾರ್ಬೋಹೈಡ್ರೇಟ್ ಇರುತ್ತದೆ. ಕಾರ್ಬೋಹೈಡ್ರೇಟ್ ಅಂದರೆ ಊಟದಲ್ಲಿರುವ ಪಿಷ್ಟ ಮತ್ತು ಸಕ್ಕರೆ, ಕರಗಿದ ಮೇಲೆ ಗ್ಲೂಕೋಸ್ ಆಗಿ ರಕ್ತಕ್ಕೆ ಸೇರುವ ಭಾಗ. ಮಧ್ಯಮ ಗಾತ್ರದ ಒಂದು ಕಿತ್ತಳೆಯಲ್ಲಿ ಅದು ಸುಮಾರು 15 ಗ್ರಾಂ. ಅಂದರೆ ಕಿತ್ತಳೆ ಒಂದು ರೊಟ್ಟಿಯ ಅರ್ಧಕ್ಕೂ ಸಮ ಅಲ್ಲ. ಹೀಗಿರುವಾಗ ಬೈಗುಳ ಮಾತ್ರ ಪಾಪ ಕಿತ್ತಳೆಗೆ.

ಇಲ್ಲಿ ಹೇಳಿರುವುದು ಟೈಪ್ 2 ಡಯಾಬಿಟಿಸ್ ಇರುವ ದೊಡ್ಡವರಿಗೆ. ಗರ್ಭಿಣಿಯರ ಶುಗರ್, ಟೈಪ್ 1, ಡಯಾಲಿಸಿಸ್ ಮಾಡಿಸುವವರ ಲೆಕ್ಕ ಬೇರೆ. ಅವರು ತಮ್ಮ ಡಾಕ್ಟರ್ ಹೇಳಿದ ಹಾಗೆ ನಡೆಯಬೇಕು.

ಬೇಕಾಗುವ ಸಾಮಾನು

ಗ್ಲುಕೋಮೀಟರ್, ಅಂದರೆ ಬೆರಳ ತುದಿಯ ರಕ್ತದಲ್ಲಿ ಶುಗರ್ ನೋಡುವ ಚಿಕ್ಕ ಯಂತ್ರ. ಅದರ ಸ್ಟ್ರಿಪ್. ಒಂದು ನೋಟ್‌ಬುಕ್. ಸಾಧ್ಯವಾದರೆ ಅಡುಗೆಮನೆಯ ಚಿಕ್ಕ ತಕ್ಕಡಿ. ಮತ್ತೆ ದಿನಾ ಬಳಸುವ ಒಂದು ವಾಟಿ. ಅದೇ ವಾಟಿ ಆಗಬೇಕು, ಇವತ್ತೊಂದು ನಾಳೆ ಇನ್ನೊಂದು ಆದರೆ ಅಳತೆ ಕೆಡುತ್ತದೆ.

ಸ್ಟ್ರಿಪ್ ಬಗ್ಗೆ ಒಂದು ಮಾತು. ಹೆಚ್ಚಿನ ಕಂಪನಿಗಳ ಸ್ಟ್ರಿಪ್ ಡಬ್ಬಿಯ ಮೇಲೆ 30 ಡಿಗ್ರಿ ಒಳಗೆ ಇಡಿ ಅಂತ ಬರೆದಿರುತ್ತದೆ. ನಮ್ಮಲ್ಲಿ ಮೇ ತಿಂಗಳು 42 ಡಿಗ್ರಿ ದಾಟುತ್ತದೆ. ಕಿಟಕಿ ಗೂಡಿನಲ್ಲಿ, ಟಿವಿ ಮೇಲೆ, ನಿಲ್ಲಿಸಿದ ಕಾರಿನಲ್ಲಿ ಡಬ್ಬಿ ಇಡಬೇಡಿ. ಮನೆಯ ಒಳಕೋಣೆಯ ತಂಪು ಜಾಗ ನೋಡಿ ಇಡಿ. ಮುಚ್ಚಳ ಬಿಗಿಯಾಗಿರಲಿ. ಫ್ರಿಜ್ ಬೇಡ, ಅಲ್ಲಿ ತೇವ ಹಿಡಿಯುತ್ತದೆ.

1. ಮೊದಲು ನಿಮ್ಮ ಅಂಕಿ ಬರೆದುಕೊಳ್ಳಿ

ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಎಷ್ಟು, ಊಟ ಶುರು ಮಾಡಿದ ಎರಡು ಗಂಟೆಗೆ ಎಷ್ಟು, ಎಚ್‌ಬಿಎ1ಸಿ ಎಷ್ಟು. ಹೆಚ್ಚಿನವರಿಗೆ ಡಾಕ್ಟರ್ ಕೊಡುವ ಗುರಿ ಖಾಲಿ ಹೊಟ್ಟೆಗೆ 80–130, ಊಟದ ನಂತರ 180ರ ಒಳಗೆ. ಎಚ್‌ಬಿಎ1ಸಿ ಅಂದರೆ ಕಳೆದ ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತ ಪರೀಕ್ಷೆ. ಅದು ಸಾಮಾನ್ಯವಾಗಿ 7ರ ಒಳಗೆ ಇದ್ದರೆ ಚೆನ್ನ. ವಯಸ್ಸಾದವರಿಗೆ, ಬೇರೆ ಕಾಯಿಲೆ ಇರುವವರಿಗೆ ಈ ಗುರಿಯನ್ನು ಸ್ವಲ್ಪ ಸಡಿಲ ಮಾಡುತ್ತಾರೆ.

ಖಾಲಿ ಹೊಟ್ಟೆಯದ್ದೇ ಪದೇ ಪದೇ 250 ದಾಟುತ್ತಿದ್ದರೆ ಹಣ್ಣಿನ ಪ್ರಯೋಗ ಈಗ ಬೇಡ. ಮೊದಲು ಔಷಧಿ ಸರಿ ಮಾಡಿಸಿಕೊಳ್ಳಿ.

ನೋಟ್‌ಬುಕ್ಕಿನ ಅದೇ ಪುಟದಲ್ಲಿ ಇನ್ನೆರಡು ವಿಷಯ ಬರೆಯಿರಿ. ನೀವು ತೆಗೆದುಕೊಳ್ಳುವ ಗುಳಿಗೆಗಳ ಹೆಸರು, ಮತ್ತು ಕ್ರಿಯಾಟಿನಿನ್. ಕ್ರಿಯಾಟಿನಿನ್ ಅಂದರೆ ಮೂತ್ರಪಿಂಡ ಹೇಗೆ ಕೆಲಸ ಮಾಡುತ್ತಿದೆ ಅಂತ ತಿಳಿಸುವ ಅಂಕಿ. ಮೂತ್ರಪಿಂಡ ಸೋತಿದ್ದರೆ ಹಣ್ಣಿನ ಸಕ್ಕರೆಯ ಜೊತೆಗೆ ಅದರ ಪೊಟ್ಯಾಸಿಯಂ ಕೂಡ ತೊಂದರೆ ಕೊಡಬಹುದು. ಬಾಳೆ, ಕಿತ್ತಳೆ, ಖರ್ಜೂರ, ಎಳನೀರಿನಲ್ಲಿ ಅದು ಜಾಸ್ತಿ. ಅಂಥವರು ಕಮರಾಕ್ಷಿ ಹಣ್ಣನ್ನಂತೂ ಮುಟ್ಟಲೇಬಾರದು. ಅದರಲ್ಲಿರುವ ವಿಷ ಮೂತ್ರಪಿಂಡ ಕೆಟ್ಟವರ ಮಿದುಳಿಗೆ ಏರುತ್ತದೆ.

2. ಒಂದು ಪಾಲು ಎಷ್ಟು ಅಂತ ಕೈಗೆ ರೂಢಿ ಮಾಡಿ

ಸುಮಾರು 15 ಗ್ರಾಂ ಕಾರ್ಬೋಹೈಡ್ರೇಟ್ ಇರುವಷ್ಟು ಹಣ್ಣಿಗೆ ಒಂದು ಪಾಲು ಅನ್ನೋಣ. ಶುಗರ್ ಹತೋಟಿಯಲ್ಲಿ ಇರುವವರು ದಿನಕ್ಕೆ ಒಂದರಿಂದ ಎರಡು ಪಾಲು ತಿನ್ನಬಹುದು, ಎರಡನ್ನೂ ಬೇರೆ ಬೇರೆ ಹೊತ್ತಿನಲ್ಲಿ. ಮೊದಲ ಎರಡು ವಾರ ತಕ್ಕಡಿ ಬಳಸಿ. ಆಮೇಲೆ ಕಣ್ಣಳತೆ ಬರುತ್ತದೆ.

ಪೇರಲದಿಂದ ಶುರು ಮಾಡೋಣ, ಯಾಕೆಂದರೆ ನನ್ನ ಪ್ರಕಾರ ಶುಗರ್ ಇರುವವರಿಗೆ ಅದರಷ್ಟು ಒಳ್ಳೆಯ, ಅಗ್ಗದ ಹಣ್ಣು ಇನ್ನೊಂದಿಲ್ಲ. ಮಧ್ಯಮ ಗಾತ್ರದ್ದು ಒಂದು ತಿನ್ನಿ, ಸುಮಾರು 100 ಗ್ರಾಂ. ಅದರಲ್ಲಿ 5 ಗ್ರಾಂನಷ್ಟು ನಾರು ಇದೆ. ನಾರು ಅಂದರೆ ಕರಗದೆ ಉಳಿಯುವ ಭಾಗ, ಅದು ಸಕ್ಕರೆ ರಕ್ತಕ್ಕೆ ಇಳಿಯುವ ವೇಗವನ್ನು ತಗ್ಗಿಸುತ್ತದೆ. ತೀರಾ ಮೆತ್ತಗಾದದ್ದು ಬೇಡ, ಕಚ್ಚಿದರೆ ಕರಕ್ ಅನ್ನಬೇಕು. ಬಂಡಿಯವನು ಕೊಯ್ದು ಉಪ್ಪು ಖಾರ ಸುರಿಯುತ್ತಾನಲ್ಲ, ಬಿಪಿ ಇದ್ದವರು ಅದನ್ನು ಬೇಡ ಅನ್ನಿ. ಇಲ್ಲೊಂದು ಗೊಂದಲ ಇದೆ. ನಮ್ಮ ದಖನಿ ಮಾತಿನಲ್ಲಿ ಪೇರಲಕ್ಕೆ ಜಾಮ್ ಅಂತಾರೆ, ನೇರಳೆಗೆ ಜಾಮೂನ್. "ಶುಗರಿಗೆ ಜಾಮೂನ್ ಒಳ್ಳೇದು" ಅಂತ ಕೇಳಿ ಜಾಮ್ ತಂದವರಿದ್ದಾರೆ. ತಂದರೆ ನಷ್ಟ ಇಲ್ಲ ಬಿಡಿ.

ನೇರಳೆ 12–15 ಹಣ್ಣು. ಸೇಬು ಚಿಕ್ಕದು ಒಂದು. ಕಿತ್ತಳೆ ಅಥವಾ ಮೋಸಂಬಿ ಒಂದು. ಪಪ್ಪಾಯಿ ಹೋಳು ಮಾಡಿದರೆ ಒಂದು ವಾಟಿ ತುಂಬ, 140 ಗ್ರಾಂ. ದಾಳಿಂಬೆ ಕಾಳು ಅರ್ಧ ವಾಟಿ. ದ್ರಾಕ್ಷಿ 15 ಕಾಳು. ದ್ರಾಕ್ಷಿಯನ್ನು ಎಣಿಸಿ ವಾಟಿಗೆ ಹಾಕಿಕೊಂಡು ಗೊಂಚಲನ್ನು ಒಳಗಿಟ್ಟು ಬನ್ನಿ. ಗೊಂಚಲು ಎದುರಿಗಿದ್ದರೆ ಎಣಿಕೆ ತಪ್ಪುತ್ತದೆ. ಚಿಕ್ಕು ಚಿಕ್ಕದು ಒಂದು.

ಬಾಳೆ: ಯಾಲಕ್ಕಿ ಬಾಳೆಯಾದರೆ ಒಂದು. ಮಾರ್ಕೆಟ್ಟಿನಲ್ಲಿ ಈಗ ಜಾಸ್ತಿ ಸಿಗುವುದು ಉದ್ದನೆಯ ಜಿ-ನೈನ್. ಅದು ಅರ್ಧ ಮಾತ್ರ. ಸಿಪ್ಪೆಯ ಮೇಲೆ ಕರಿ ಚುಕ್ಕೆ ಬಿದ್ದಷ್ಟೂ ಒಳಗಿನ ಪಿಷ್ಟ ಸಕ್ಕರೆಯಾಗಿರುತ್ತದೆ. ಹಾಗಾಗಿ ತುದಿಯಲ್ಲಿ ಇನ್ನೂ ಸ್ವಲ್ಪ ಹಸಿರು ಇರುವ ಹಣ್ಣು ಆರಿಸಿ.

ಮಾವು: ತಿರುಳು 100 ಗ್ರಾಂ. ಒಳ್ಳೆ ಗಾತ್ರದ ಬೇನಿಶಾನ್ ಹಣ್ಣಿನಲ್ಲಿ ಗೊರಟದ ಒಂದು ಬದಿಯ ಹೋಳು, ಅಷ್ಟೇ. ಹೋಳು ಎಲ್ಲರಿಗೂ ಹಂಚಿ ಗೊರಟ ತಾನು ಚೀಪುವ ತ್ಯಾಗಮಯಿಗಳು ಪ್ರತಿ ಮನೆಯಲ್ಲೂ ಇರುತ್ತಾರೆ. ಗೊರಟವೂ ಲೆಕ್ಕಕ್ಕೆ ಬರುತ್ತದೆ.

ಸೀತಾಫಲ: ಬೀದರ್ ಕಡೆಯ ಬುಟ್ಟಿಗಳು ಬಂದಾಗ ಮನಸ್ಸು ತಡೆಯುವುದು ಕಷ್ಟ, ನನಗೂ ಗೊತ್ತು. 100 ಗ್ರಾಂ ತಿರುಳಿನಲ್ಲಿ 24 ಗ್ರಾಂನಷ್ಟು ಕಾರ್ಬೋಹೈಡ್ರೇಟ್ ಇದೆ, ಮಾವಿಗಿಂತ ಜಾಸ್ತಿ. ಹಾಗಾಗಿ ಮಧ್ಯಮ ಹಣ್ಣಿನ ಅರ್ಧ ಒಂದು ಪಾಲು. ಅರ್ಧ ತಿಂದು ಇನ್ನರ್ಧ ಎತ್ತಿಡುವುದು ಆಗದ ಮಾತು. ಎದುರಿಗೆ ಇನ್ನೊಬ್ಬರನ್ನು ಕೂರಿಸಿಕೊಂಡು ಹಣ್ಣು ಬಿಡಿಸಿ.

ಕಲ್ಲಂಗಡಿಯ ಬಗ್ಗೆ ಜಗಳವೇ ಇದೆ. ಗ್ಲೈಸೆಮಿಕ್ ಇಂಡೆಕ್ಸ್ ಅಂತ ಒಂದು ಅಳತೆ. ಒಂದು ಆಹಾರ ಎಷ್ಟು ಬೇಗ ಶುಗರ್ ಏರಿಸುತ್ತದೆ ಅಂತ ಗ್ಲೂಕೋಸಿಗೆ 100 ಇಟ್ಟು ಹೋಲಿಸುವುದು. 55ರವರೆಗೆ ಕಡಿಮೆ, 70 ಮತ್ತು ಮೇಲೆ ಜಾಸ್ತಿ. ಹಳೆಯ ಪಟ್ಟಿಗಳಲ್ಲಿ ಕಲ್ಲಂಗಡಿಗೆ 70ರ ಮೇಲೆ ಇದೆ, ಅದನ್ನು ನೋಡಿ ಜನ ಹೆದರುತ್ತಾರೆ. ಆದರೆ ಅದರಲ್ಲಿ ಬಹುಪಾಲು ನೀರು, 100 ಗ್ರಾಂಗೆ 7–8 ಗ್ರಾಂ ಮಾತ್ರ ಕಾರ್ಬೋಹೈಡ್ರೇಟ್. ವೇಗದ ಜೊತೆ ಪ್ರಮಾಣವನ್ನೂ ಸೇರಿಸಿ ನೋಡುವ ಅಳತೆಗೆ ಗ್ಲೈಸೆಮಿಕ್ ಲೋಡ್ ಅಂತಾರೆ. ಆ ಲೆಕ್ಕದಲ್ಲಿ ಕಲ್ಲಂಗಡಿಯ 200 ಗ್ರಾಂ ಹೋಳಿನಿಂದ ಭಯ ಇಲ್ಲ. ಭಯ ಇರುವುದು ನಾವು ತಿನ್ನುವ ರೀತಿಯಲ್ಲಿ. ಯಾದಗಿರಿ ರಸ್ತೆಯ ಬದಿ ಗಾಡಿ ನಿಲ್ಲಿಸಿ, ಇಡೀ ಹಣ್ಣು ಕೊಯ್ಸಿ, ಇಬ್ಬರೇ ಮುಗಿಸುತ್ತೇವಲ್ಲ, ಅದು ಪಾಲಲ್ಲ, ಪಂಕ್ತಿ ಊಟ.

3. ಹಣ್ಣನ್ನು ಹಣ್ಣಾಗಿಯೇ ತಿನ್ನಿ

ಮೋಸಂಬಿ ಜ್ಯೂಸ್ ಒಂದು ಗ್ಲಾಸ್ ಆಗಬೇಕಾದರೆ ಮೂರು ನಾಲ್ಕು ಹಣ್ಣು ಬೇಕು. ಅಷ್ಟು ಹಣ್ಣು ಬಿಡಿಸಿ ಕೂತು ತಿನ್ನಿ ಅಂದರೆ ನಿಮಗೇ ಆಗುವುದಿಲ್ಲ. ಜ್ಯೂಸ್ ಆದರೆ ಎರಡು ನಿಮಿಷ. ನಾರು ಜರಡಿಯಲ್ಲಿ ಉಳಿಯುತ್ತದೆ, ಸಕ್ಕರೆ ಗ್ಲಾಸಿಗೆ ಬರುತ್ತದೆ. "ಸಕ್ಕರೆ ಹಾಕಬೇಡ" ಅಂತ ಅಂಗಡಿಯವನಿಗೆ ಹೇಳಿದರೆ ಅರ್ಧ ತೊಂದರೆ ಕಳೆಯಿತು, ಇನ್ನರ್ಧ ಹಾಗೇ ಇದೆ.

ಕಬ್ಬಿನ ಹಾಲಿಗೆ ರಿಯಾಯಿತಿ ಕೇಳಬೇಡಿ. ಒಂದು ಗ್ಲಾಸಿನಲ್ಲಿ 30 ಗ್ರಾಂ ದಾಟಿದ ಸಕ್ಕರೆ ಇರುತ್ತದೆ. ನಿಂಬೆ, ಶುಂಠಿ ಹಿಂಡಿದರೆ ರುಚಿ ಬದಲಾಗುತ್ತದೆ, ಸಕ್ಕರೆ ಕಡಿಮೆ ಆಗುವುದಿಲ್ಲ. ಬಿಸಿಲಿಗೆ ಮಜ್ಜಿಗೆ ಇದೆ, ಸಕ್ಕರೆ ಹಾಕದ ನಿಂಬೆ ನೀರಿದೆ.

ಇನ್ನು ನಮ್ಮ ಶೀಕರಣಿ. ಮಾವಿನ ರಸ, ಹಾಲು, ಸಕ್ಕರೆ ಅಥವಾ ಬೆಲ್ಲ, ಏಲಕ್ಕಿ. ಜೊತೆಗೆ ಹೋಳಿಗೆ. ಇದನ್ನು ಹಣ್ಣು ತಿಂದ ಲೆಕ್ಕಕ್ಕೆ ಹಾಕಬೇಡಿ, ಇದು ಸಿಹಿ ಊಟ. ವರ್ಷಕ್ಕೊಮ್ಮೆ ಉಣ್ಣಲೇಬೇಕು ಅಂದರೆ ಸಕ್ಕರೆ ಹಾಕದ ಶೀಕರಣಿ ಅರ್ಧ ವಾಟಿ ತೆಗೆದುಕೊಂಡು, ಆ ಹೊತ್ತಿಗೆ ಹೋಳಿಗೆ ಅಥವಾ ಅನ್ನದಲ್ಲಿ ಒಂದನ್ನು ಬಿಡಿ.

ಒಣದ್ರಾಕ್ಷಿ, ಅಂಜೂರ, ಖರ್ಜೂರದಲ್ಲಿ ನೀರು ಹೋಗಿ ಸಕ್ಕರೆ ಗಟ್ಟಿಯಾಗಿರುತ್ತದೆ. ಸಾಧಾರಣ ಖರ್ಜೂರ ಎರಡು, ಹೆಚ್ಚೆಂದರೆ ಮೂರು. ದೊಡ್ಡ ಮೆಡ್ಜೂಲ್ ಆದರೆ ಒಂದಕ್ಕೇ ಪಾಲು ಮೀರುತ್ತದೆ. "ಖರ್ಜೂರದ ಸಕ್ಕರೆ ನೈಸರ್ಗಿಕ, ಏನೂ ಆಗಲ್ಲ" ಅಂತ ಅಂಗಡಿಯಲ್ಲಿ ಹೇಳಿದರೆ ನಕ್ಕು ಬನ್ನಿ.

4. ಸೇರಿಸಬೇಡಿ, ಬದಲಿ ಮಾಡಿ

ಎಲ್ಲಕ್ಕಿಂತ ಜಾಸ್ತಿ ಜನ ಎಡವುವುದು ಇಲ್ಲಿ. ರೊಟ್ಟಿ, ಅನ್ನ ಎಲ್ಲ ಹಾಗೇ ಇಟ್ಟು, ಕೊನೆಗೆ "ಜೀರ್ಣ ಆಗಲಿ" ಅಂತ ಒಂದು ಬಾಳೆಹಣ್ಣು. ಎರಡು ಗಂಟೆ ಬಿಟ್ಟು ನೋಡಿದರೆ 260. ಆಗ ಬಾಳೆಹಣ್ಣಿಗೆ ಶಾಪ. ಮುಂಚೆ ತಿಂದ ಮೂರು ರೊಟ್ಟಿಯ ಮಾತೇ ಇಲ್ಲ.

ಸುಲಭದ ಲೆಕ್ಕ ಹೀಗೆ: ಒಂದು ಪಾಲು ಹಣ್ಣು ತಿನ್ನುವ ದಿನ ಅರ್ಧ ರೊಟ್ಟಿ ಕಡಿಮೆ, ಅಥವಾ ಬೇಯಿಸಿದ ಅನ್ನ ಒಂದು ಸಣ್ಣ ಹಿಡಿ ಕಡಿಮೆ. ಬಿಟ್ಟ ಜಾಗವನ್ನು ಪಲ್ಯದಿಂದ ತುಂಬಿ. ಪುಂಡಿಪಲ್ಯ, ಮೆಂತ್ಯೆ, ಹೀರೆ, ಬದನೆ ಯಾವುದಾದರೂ ಸರಿ. ತೊಗರಿಯ ನಾಡು ನಮ್ಮದು, ಬ್ಯಾಳಿಗೆ ಕೊರತೆ ಇಲ್ಲ.

ಹೊತ್ತು ಯಾವುದು? ಊಟದ ಬೆನ್ನಿಗೇ ಬೇಡ. ಬೆಳಗಿನ 11ರ ಸುಮಾರು, ಇಲ್ಲವೇ ಸಂಜೆ 4–5ಕ್ಕೆ, ಚಹಾ ಜೊತೆ ಬಿಸ್ಕೀಟು ತಿನ್ನುವ ಹೊತ್ತಿಗೆ ಅದರ ಬದಲಾಗಿ. ಹಣ್ಣಿನ ಜೊತೆ 10–12 ಶೇಂಗಾ ಕಾಳು ಅಥವಾ ಸಪ್ಪೆ ಮೊಸರು ಇದ್ದರೆ ಹೊಟ್ಟೆಯಿಂದ ಸಕ್ಕರೆ ನಿಧಾನವಾಗಿ ಇಳಿಯುತ್ತದೆ. ಆ 10–12 ಕಾಳು ಮೂರು ಹಿಡಿ ಆಗದಿರಲಿ. ತಿಂದ ಮೇಲೆ 10–15 ನಿಮಿಷ ನಡೆಯಿರಿ. ಸ್ನಾಯುಗಳು ಆ ಗ್ಲೂಕೋಸನ್ನು ಎಳೆದುಕೊಳ್ಳುತ್ತವೆ. ಮೇ ತಿಂಗಳ ಬಿಸಿಲಿನಲ್ಲಿ ಹೊರಗೆ ಹೋಗಿ ಅನ್ನುತ್ತಿಲ್ಲ, ಪಡಸಾಲೆಯಲ್ಲೇ ಅಡ್ಡಾಡಿದರೂ ಆಯ್ತು.

ರಾತ್ರಿ "ಬರೀ ಹಣ್ಣು ತಿಂದು ಮಲಗುತ್ತೇನೆ" ಅನ್ನುವವರು ಇದ್ದಾರೆ. ದೊಡ್ಡ ತಾಟು ತುಂಬ ಹಣ್ಣು ಅಂದರೆ ನಾಲ್ಕು ಪಾಲು ಒಟ್ಟಿಗೆ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಇದು ಎರಡು ಕಡೆ ಪೆಟ್ಟು: ಮೊದಲು ಏರುತ್ತದೆ, ನಡುರಾತ್ರಿ ಕುಸಿಯಬಹುದು.

5. ನಿಮ್ಮ ಹಣ್ಣನ್ನು ನೀವೇ ಪರೀಕ್ಷೆ ಮಾಡಿ

ಒಂದೇ ಪೇರಲ ಇಬ್ಬರಲ್ಲಿ ಎರಡು ತರಹ ಏರಿಸಬಹುದು. ಹಾಗಾಗಿ ನನ್ನ ಪಟ್ಟಿಗಿಂತ ನಿಮ್ಮ ಬೆರಳು ಹೇಳುವುದನ್ನು ನಂಬಿ.

ಊಟ ಮಾಡಿ ಮೂರು ಗಂಟೆ ಕಳೆದ ಹೊತ್ತು ಆರಿಸಿ. ಹಣ್ಣು ತಿನ್ನುವ ಮುಂಚೆ ಒಮ್ಮೆ ನೋಡಿ ಬರೆಯಿರಿ. ಒಂದು ಪಾಲು ತಿನ್ನಿ, ಬೇರೆ ಏನೂ ಬೇಡ. ಒಂದು ಗಂಟೆಗೆ ಒಮ್ಮೆ, ಎರಡು ಗಂಟೆಗೆ ಒಮ್ಮೆ ನೋಡಿ. ಸ್ಟ್ರಿಪ್ ತುಟ್ಟಿ, ನಿಜ. ಉಳಿಸಬೇಕಾದರೆ ಒಂದು ಗಂಟೆಯದ್ದನ್ನು ಇಟ್ಟುಕೊಳ್ಳಿ, ಬರೀ ಹಣ್ಣು ತಿಂದಾಗ ಶುಗರ್ ಬೇಗ ಏರಿ ಬೇಗ ಇಳಿಯುತ್ತದೆ. ತಿನ್ನುವ ಮುಂಚಿನ ಅಂಕಿಗಿಂತ 40ರ ಒಳಗೆ ಏರಿದರೆ ನಾನು ಆ ಹಣ್ಣನ್ನು ಇಟ್ಟುಕೊಳ್ಳುತ್ತೇನೆ. 60ಕ್ಕಿಂತ ಜಾಸ್ತಿ ಆದರೆ ಪಾಲು ಅರ್ಧ ಮಾಡಿ ಮತ್ತೆ ನೋಡುತ್ತೇನೆ. ಇದು ನಾನು ನನಗೆ ಹಾಕಿಕೊಂಡ ಗೆರೆ, ನಿಮ್ಮದನ್ನು ಡಾಕ್ಟರ್ ಜೊತೆ ಮಾತಾಡಿ ಹಾಕಿಕೊಳ್ಳಿ.

ಒಂದೇ ದಿನದ ಅಂಕಿ ನೋಡಿ ತೀರ್ಪು ಕೊಡಬೇಡಿ. ಮೀಟರ್ ಶೇಕಡಾ 15ರವರೆಗೆ ಆಚೀಚೆ ತೋರಿಸುವುದಕ್ಕೆ ಅಂತರರಾಷ್ಟ್ರೀಯ ಮಾನದಂಡವೇ ಅವಕಾಶ ಕೊಟ್ಟಿದೆ. 150 ಮತ್ತು 162 ನಡುವೆ ವ್ಯತ್ಯಾಸ ಇದೆ ಅಂತ ತಲೆ ಕೆಡಿಸಿಕೊಳ್ಳುವುದರಲ್ಲಿ ಅರ್ಥ ಇಲ್ಲ. ಮೂರು ಸಲ ಮಾಡಿ ನೋಡಿ.

ಈಗ ಬಹಳ ಜನ ಬೀಳುವ ಗುಂಡಿ. ಕೈ ತೊಳೆಯದೆ ಚುಚ್ಚುವುದು. ಒಮ್ಮೆ ಮೊಮ್ಮಗನಿಗೆ ಮಾವು ಹೆಚ್ಚಿ ಕೊಟ್ಟು, ಕೈಯನ್ನು ಪಂಚೆಗೆ ಒರೆಸಿಕೊಂಡು ನಾನು ಬೆರಳು ಚುಚ್ಚಿದೆ. ನಾನಿನ್ನೂ ಒಂದು ಹೋಳೂ ತಿಂದಿರಲಿಲ್ಲ. ಮೀಟರ್ 318 ತೋರಿಸಿತು. ಎದೆ ಧಸಕ್ಕೆಂದಿತು. ಸೋಪು ಹಚ್ಚಿ ಕೈ ತೊಳೆದು, ಒರೆಸಿ, ಅದೇ ಬೆರಳ ಪಕ್ಕ ಚುಚ್ಚಿದರೆ 141. ಬೆರಳಿಗೆ ಅಂಟಿದ ಕಣ್ಣಿಗೆ ಕಾಣದ ರಸ ರಕ್ತದ ಹನಿಗೆ ಸೇರಿ ಮಾಡಿದ ಕೆಲಸ ಅದು. ಸ್ಪಿರಿಟ್ ಹತ್ತಿಯಿಂದ ಒರೆಸಿದರೆ ಸಾಲದು, ಹಣ್ಣಿನ ಸಕ್ಕರೆ ಅದಕ್ಕೆ ಪೂರ್ತಿ ಹೋಗುವುದಿಲ್ಲ. ನೀರು ಬೇಕು. ತೊಳೆದ ಮೇಲೆ ಒಣಗಿಸಿಕೊಳ್ಳಿ, ಇಲ್ಲದಿದ್ದರೆ ಹನಿ ನೀರಾಗಿ ಅಂಕಿ ಕಡಿಮೆ ಬರುತ್ತದೆ. ಆ 318 ನೋಡಿ ಗಾಬರಿಯಿಂದ ಯಾರಾದರೂ ಇನ್ಸುಲಿನ್ ಹೆಚ್ಚು ಹಾಕಿಕೊಂಡರೆ ಏನಾಗಬಹುದು, ನೀವೇ ಯೋಚಿಸಿ.

6. ಉಪವಾಸ ಮತ್ತು ಹಬ್ಬ

ಶಿವರಾತ್ರಿ, ಏಕಾದಶಿ, ಶ್ರಾವಣ ಸೋಮವಾರ. "ಊಟ ಮಾಡಿಲ್ಲ, ಬರೀ ಫಲಾಹಾರ" ಅಂತಾರೆ. ಬಾಳೆ ಎರಡು, ದ್ರಾಕ್ಷಿ ಒಂದು ಗೊಂಚಲು, ಖರ್ಜೂರ ಐದಾರು, ಸಾಬೂದಾನಿ ಖಿಚಡಿ. ಸಾಬೂದಾನಿ ಹೆಚ್ಚುಕಡಿಮೆ ಬರೀ ಪಿಷ್ಟ. ಉಪವಾಸದ ದಿನ ಶುಗರ್ ಊಟದ ದಿನಕ್ಕಿಂತ ಜಾಸ್ತಿ ಬರುವುದು ಇದಕ್ಕೇ. ಹಣ್ಣು ಪಾಲಿನ ಲೆಕ್ಕದಲ್ಲೇ ಇರಲಿ, ನಡುನಡುವೆ ಮಜ್ಜಿಗೆ, ಶೇಂಗಾ, ಹಾಲು ಇರಲಿ.

ರೋಜಾ ಇಡುವವರು ರಂಜಾನ್‌ಗೆ ಒಂದೆರಡು ತಿಂಗಳು ಮುಂಚೆಯೇ ಡಾಕ್ಟರನ್ನು ಕಂಡು ಗುಳಿಗೆಯ ಹೊತ್ತು ಬದಲಿಸಿಕೊಳ್ಳಿ. ಇಫ್ತಾರ್‌ಗೆ ಒಂದೆರಡು ಖರ್ಜೂರ ಸಾಕು, ಜೊತೆಗೆ ನೀರು. ಶರಬತ್ತು, ಕಲ್ಲಂಗಡಿ, ಫ್ರೂಟ್ ಚಾಟ್ ಎಲ್ಲ ಒಟ್ಟಿಗೆ ಬೇಡ. ರೋಜಾದಲ್ಲಿ ಶುಗರ್ 70ಕ್ಕಿಂತ ಕೆಳಗೆ ಬಂದರೆ ಅಥವಾ 300 ದಾಟಿದರೆ ಆಗಲೇ ಬಿಡಬೇಕು.

ನೇರಳೆ ಬೀಜದ ಪುಡಿ, ಹಾಗಲಕಾಯಿ ರಸದ ಬಗ್ಗೆ ಕೇಳುವವರಿಗೆ: ಇಷ್ಟ ಇದ್ದರೆ ಡಾಕ್ಟರಿಗೆ ಹೇಳಿ ತೆಗೆದುಕೊಳ್ಳಿ. ಅದನ್ನು ನಂಬಿ ಗುಳಿಗೆ ನಿಲ್ಲಿಸಬೇಡಿ.

7. ಶುಗರ್ ಕುಸಿದಾಗ ನಿಯಮ ತಲೆಕೆಳಗು

ಇನ್ಸುಲಿನ್ ಹಾಕಿಕೊಳ್ಳುವವರು, ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್ ತರಹದ ಗುಳಿಗೆ ನುಂಗುವವರು ಇದನ್ನು ಮನೆಯವರಿಗೂ ಓದಿ ಹೇಳಿ. ಕೈ ನಡುಕ, ಬೆವರು, ಎದೆ ಡವಡವ, ಕಣ್ಣು ಮಂಜು. ಮೀಟರ್‌ನಲ್ಲಿ 70ಕ್ಕಿಂತ ಕಡಿಮೆ. ಇದಕ್ಕೆ ಹೈಪೋ ಅಂತಾರೆ. ಆಗ ಪೇರಲ ಕೊಯ್ಯುತ್ತಾ ಕೂರಬೇಡಿ. ಮೇಲೆ ನಾನು ಬೈದ ಜ್ಯೂಸೇ ಆಗ ಬೇಕು, ಅರ್ಧ ಗ್ಲಾಸ್. ಅಥವಾ ಮೂರು ಚಮಚ ಸಕ್ಕರೆ ನೀರಿನಲ್ಲಿ ಕರಗಿಸಿ ಕುಡಿಯಿರಿ. 15 ನಿಮಿಷ ಬಿಟ್ಟು ಮತ್ತೆ ನೋಡಿ, ಏರದಿದ್ದರೆ ಇನ್ನೊಮ್ಮೆ ಅಷ್ಟೇ. ಏರಿದ ಮೇಲೆ, ಊಟಕ್ಕೆ ಇನ್ನೂ ಹೊತ್ತಿದ್ದರೆ ಅರ್ಧ ರೊಟ್ಟಿ ತಿನ್ನಿ.

ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಸೇರಿದ ಗುಳಿಗೆ ನಿಮ್ಮದಾದರೆ ಸಕ್ಕರೆ ಬೇಗ ಕೆಲಸ ಮಾಡುವುದಿಲ್ಲ. ಸಕ್ಕರೆಯನ್ನು ಒಡೆಯುವ ಕೆಲಸವನ್ನೇ ಆ ಗುಳಿಗೆ ತಡೆಯುತ್ತದೆ. ಅಂಥವರ ಜೇಬಿನಲ್ಲಿ ಗ್ಲೂಕೋಸ್ ಪುಡಿಯ ಚಿಕ್ಕ ಪೊಟ್ಟಣ ಇರಬೇಕು. ಗುಳಿಗೆ ಪಟ್ಟಿಯ ಹಿಂಬದಿ ಓದಿ ನೋಡಿ, ತಿಳಿಯದಿದ್ದರೆ ಔಷಧಿ ಅಂಗಡಿಯವರನ್ನೇ ಕೇಳಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬೇಡಿ, ಶ್ವಾಸಕ್ಕೆ ಹೋಗುತ್ತದೆ. ಒಂದು ಪಕ್ಕಕ್ಕೆ ಮಲಗಿಸಿ 108ಕ್ಕೆ ಫೋನ್ ಮಾಡಿ.